ಗ್ರಂಥಾಲಯ ಶಿಲ್ಪಿ ರಂಗನಾಥನ್

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮೌರ್ಯ ಚಕ್ರವರ್ತಿಯಾದ ಅಶೋಕನು ಅಲ್ಲಿನ ಬಂಡೆಯೊಂದರ ಮೇಲೆ ಶಾಸನವನ್ನು ಕೆತ್ತಿಸಿದನು. ಸಮೀಪದ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಅದೇ ಬಗೆಯ ಶಾಸನಗಳಿವೆ. ಒಳ್ಳೆಯ ನಡತೆಯ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಅದು ದೊರೆಯುತ್ತದೆ ಎಂಬುದು ಆ ಬರಹದ ಒಂದು ಮುಖ್ಯ ಆಶಯ. ಅದಕ್ಕೆ ಬಾಗಿಲಿರಲಿಲ್ಲ, ಬೀಗವಿರಲಿಲ್ಲ, ಕಾವಲುಗಾರನಿರಲಿಲ್ಲ. ದಾರಿಹೋಕರೆಲ್ಲರ ಕಣ್ಣಿಗೆ ಬೀಳುವಂತೆ ಅದು ಬಯಲಿನಲ್ಲಿತ್ತು. ಆದರೂ ಶತಶತಮಾನಗಳ ಕಾಲ ಅದನ್ನು ಓದುವವರೇ ಇರಲಿಲ್ಲ. ಬ್ರಾಹ್ಮೀ ಲಿಪಿಯನ್ನು ಜನ ಮರೆತಿದ್ದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಆ ಲಿಪಿಯ ಗುಟ್ಟನ್ನು ಬಿಡಿಸಿದರು, ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ಸೀಮೆಯ ಈ ಶಾಸನಗಳನ್ನು ಪತ್ತೆಹಚ್ಚಿ ಲೋಕಕ್ಕೆ ತಿಳಿಸಿದರು. ಬರಹವು ಎಲ್ಲರ ಕಣ್ಣೆದುರಿಗೆ ಇದ್ದ ಮಾತ್ರಕ್ಕೆ ಎಲ್ಲರಿಗೂ ದಕ್ಕಿದಂತಾಗುವುದಿಲ್ಲ ಎಂಬ ಸತ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಅದೇ ೧೮೯೨ರ ಆಗಸ್ಟ್ ತಿಂಗಳಲ್ಲಿ ತಮಿಳುನಾಡಿನ ತಂಜಾವೂರು ಸೀಮೆಯ ಶಿಯಾಳಿ ಎಂಬ ಊರಿನಲ್ಲಿ ಒಂದು ಮಗು ಜನಿಸಿತು. ಬರಹವನ್ನೂ ಓದುಗನನ್ನೂ ಒಂದುಗೂಡಿಸುವ ಕಾರ್ಯವನ್ನು ಒಂದು ಶಾಸ್ತ್ರವನ್ನಾಗಿ ರೂಪಿಸಿ, ಅದನ್ನು ನಾಡಿನ ಕಾನೂನನ್ನಾಗಿಯೂ ಮಾಡಲು ಜೀವಮಾನವೆಲ್ಲ ದುಡಿದ ಆ ಮಹನೀಯರೇ ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಲೋಕವು ಅವರನ್ನು ಗೌರವಿಸುತ್ತದೆ.

ರಂಗನಾಥನ್ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಾತನಾಡುವಾಗ ನಾಲಗೆ ತೊಡರುವ ಕೊರತೆಯೂ ಅವರಿಗಿತ್ತು. ಆದರೆ ಅವರ ಹಂಬಲವು ಅಧ್ಯಾಪಕನಾಗಬೇಕೆಂಬುದೇ ಆಗಿತ್ತು. ಸತತ ಸಾಧನೆಯಿಂದ ಅವರು ಆ ತೊಡಕನ್ನು ಬಹುಮಟ್ಟಿಗೆ ಗೆದ್ದರು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿ ಬಿ. ಎ. ಮತ್ತು ಎಂ. ಎ. ಪದವಿಗಳನ್ನು ಪಡೆದರು. ೧೯೧೭ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿಯನ್ನು ಆರಂಭಿಸಿದರು. ಅವರ ಉಪಾಧ್ಯಾಯ ಜೀವನದ ಮೊದಲ ಪಾಠಗಳು ನಡೆದುದು ಕನ್ನಡನಾಡಿನ ಕರಾವಳಿಯಲ್ಲಿ ಎಂಬುದು ನಮಗೆ ಸಂತಸದ ಸಂಗತಿ. ಅನಂತರ ಕೊಯಮತ್ತೂರಿನಲ್ಲಿಯೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅವರು ಪಾಠ ಹೇಳಿದರು.

೧೯೨೪ರ ಜನವರಿಯಲ್ಲಿ ಅವರ ಬಾಳು ಬೇರೊಂದು ದಾರಿಗೆ ಹೊರಳಿತು. ಮದ್ರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಪೂರ್ಣಕಾಲದ ಗ್ರಂಥಪಾಲರೊಬ್ಬರನ್ನು ನೇಮಿಸಲು ಬಯಸಿತು. ಸ್ನೇಹಿತರ ಒತ್ತಾಯಕ್ಕೆ ಮಣಿದು ರಂಗನಾಥನ್ ಅವರೂ ಅರ್ಜಿ ಹಾಕಿದರು. ಅವರಿಗೆ ಗ್ರಂಥಾಲಯದ ವಿಷಯದಲ್ಲಿ ಯಾವ ತರಬೇತಿಯೂ ಇರಲಿಲ್ಲ. ಸಂದರ್ಶನಕ್ಕೆ ಮುನ್ನ ವಿಶ್ವಕೋಶದಲ್ಲಿನ ಒಂದು ಲೇಖನವನ್ನು ಓದಿಕೊಂಡಿದ್ದರು, ಅಷ್ಟೆ. ಆದರೂ ಆಯ್ಕೆ ಅವರದೇ ಆಯಿತು. ಉತ್ಸಾಹಿಗಳಾದ ವಿದ್ಯಾರ್ಥಿಗಳ ನಡುವೆ ಬಾಳಿದ ಅವರಿಗೆ ಆ ನಿರ್ಜನವಾದ ಪುಸ್ತಕದ ಕೋಣೆಯು ಸೆರೆಮನೆಯಂತೆ ತೋರಿತು. ಕೆಲವೇ ದಿನಗಳಲ್ಲಿ ಅವರು ಹಿಂದಿನ ಹುದ್ದೆಯನ್ನು ಮರಳಿ ಕೊಡುವಂತೆ ಬೇಡಿಕೊಂಡರು. ಹೇಗೂ ಗ್ರಂಥಾಲಯ ವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಗಿದೆ, ಹೋಗಿ ಬಂದ ಮೇಲೂ ಮನಸ್ಸು ಒಗ್ಗದಿದ್ದರೆ ಕಾಲೇಜಿಗೆ ಮರಳಬಹುದು ಎಂದು ಹಿರಿಯರು ಸಮಾಧಾನ ಹೇಳಿ ಕಳುಹಿಸಿದರು.

ಲಂಡನ್ನಿನಲ್ಲಿ ಅವರ ಕಣ್ಣು ತೆರೆಯಿತು. ಅಲ್ಲಿನ ಗ್ರಂಥಾಲಯ ಶಾಲೆಯಲ್ಲಿ ಬರ್ವಿಕ್ ಸೇಯರ್ಸ್ ಅವರು ಗುರುಗಳಾಗಿ ದೊರೆತರು. ಪಾಠದ ಜೊತೆಗೆ ರಂಗನಾಥನ್ ಅವರು ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕಾರ್ಖಾನೆಯ ಕೆಲಸಗಾರರು, ಗೃಹಿಣಿಯರು, ಮಕ್ಕಳು, ಮುದುಕರು ಎಲ್ಲರೂ ಅಲ್ಲಿಗೆ ಬಂದು ತಮಗೆ ಬೇಕಾದ ಪುಸ್ತಕವನ್ನು ಒಯ್ಯುತ್ತಿದ್ದರು. ಊರಿನ ಗ್ರಂಥಾಲಯಕ್ಕೆ ಬಡಾವಣೆಗಳಲ್ಲಿ ಶಾಖೆಗಳಿದ್ದುವು. ಒಂದರಲ್ಲಿ ಇಲ್ಲದ ಪುಸ್ತಕವು ಇನ್ನೊಂದರಿಂದ ಬರುತ್ತಿತ್ತು. ಪುಸ್ತಕ ಭಂಡಾರವೆಂದರೆ ಪಂಡಿತರ ಕೂಟವೆಂದು ತಿಳಿದಿದ್ದ ನಾಡಿನಿಂದ ಬಂದವರಿಗೆ ಇದೊಂದು ಹೊಸ ದರ್ಶನ. ನೀರು ಬೆಳಕುಗಳಂತೆ ಓದೂ ಪ್ರಜೆಗಳೆಲ್ಲರಿಗೆ ಸಲ್ಲಬೇಕಾದ ಸೌಕರ್ಯವೆಂದು ಅವರಿಗೆ ಮನವರಿಕೆಯಾಯಿತು. ೧೯೨೫ರಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ ಕಾಲೇಜಿಗೆ ಹಿಂದಿರುಗುವ ಮಾತನ್ನು ಎತ್ತಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳ ಕಾಲ ಅವರು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ದುಡಿದ ಬಗೆ ಆಶ್ಚರ್ಯಕರವಾದುದು. ದಿನಕ್ಕೆ ಹದಿಮೂರು ಗಂಟೆ, ವಾರಕ್ಕೆ ಏಳು ದಿನ, ರಜೆಯ ಹಂಗಿಲ್ಲದೆ ಅವರು ಕೆಲಸ ಮಾಡುತ್ತಿದ್ದರು. ಬೀರುಗಳ ಬೀಗವನ್ನು ತೆಗೆಸಿ, ಓದುಗರು ತಾವೇ ಕಪಾಟುಗಳ ನಡುವೆ ಓಡಾಡಿ ಪುಸ್ತಕವನ್ನು ಆರಿಸಿಕೊಳ್ಳುವಂತೆ ಮಾಡಿದರು. ೧೯೨೮ರಲ್ಲಿ ಮದ್ರಾಸು ಗ್ರಂಥಾಲಯ ಸಂಘದ ಸ್ಥಾಪನೆಗೆ ಕಾರಣರಾದರು. ೧೯೩೧ರಲ್ಲಿ ಅವರ ಪಂಚಸೂತ್ರಗಳ ಗ್ರಂಥವು ಪ್ರಕಟವಾಯಿತು. ಜಗತ್ತಿನ ಗ್ರಂಥಪಾಲರೆಲ್ಲರೂ ಇಂದಿಗೂ ನೆನೆಯುವ ಈ ಐದು ಸೂತ್ರಗಳು ಎಷ್ಟು ಸರಳವೋ ಅಷ್ಟೇ ಗಹನ.

ಪುಸ್ತಕಗಳನ್ನು ಸಂಗ್ರಹಿಸುವುದು ಮುಚ್ಚಿಡುವುದಕ್ಕಲ್ಲ, ಜನ ಬಳಸುವುದಕ್ಕೆ ಎಂಬುದು ಮೊದಲನೆಯದು. ಒಂದಾನೊಂದು ಕಾಲದಲ್ಲಿ ಯೂರೋಪಿನ ಮಠಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದರು. ಆ ಸರಪಳಿಯನ್ನು ಕಳಚುವುದೇ ಗ್ರಂಥಪಾಲನ ಮೊದಲ ಕರ್ತವ್ಯ. ಓದಲು ಬಯಸುವ ಪ್ರತಿಯೊಬ್ಬರಿಗೂ ಅವರವರಿಗೆ ತಕ್ಕ ಪುಸ್ತಕವು ದೊರೆಯಬೇಕೆಂಬುದು ಎರಡನೆಯದು. ಚಳ್ಳಕೆರೆಯಲ್ಲಿ ಕಂಬಳಿ ನೇಯುವವನ ಮಗನಿಗೂ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮಗಳಿಗೂ ರಾಜಧಾನಿಯ ಮಗುವಿಗಿರುವಷ್ಟೇ ಅಧಿಕಾರವು ಪುಸ್ತಕದ ಮೇಲೆ ಇದೆ ಎಂಬುದು ಇದರ ಅರ್ಥ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನನ್ನು ಹುಡುಕಿಕೊಡಬೇಕೆಂಬುದು ಮೂರನೆಯದು. ಓದುಗನ ಕಾಲವನ್ನು ವ್ಯರ್ಥಮಾಡಬಾರದೆಂಬುದು ನಾಲ್ಕನೆಯದು. ಗ್ರಂಥಾಲಯವು ನಿಂತ ನೀರಲ್ಲ, ಗಿಡದಂತೆ ಸದಾ ಬೆಳೆಯುವ ಜೀವಿ ಎಂಬುದು ಕೊನೆಯದು.

ಸೂತ್ರಗಳನ್ನು ಹೇಳಿದರೆ ಸಾಲದು; ಅವು ನಡೆಯುವಂತೆ ಮಾಡುವ ಉಪಾಯವೂ ಬೇಕು. ಲಕ್ಷ ಪುಸ್ತಕಗಳ ನಡುವೆ ಬೇಕಾದ ಒಂದನ್ನು ಹುಡುಕುವುದೆಂತು? ಅಂದು ಬಳಕೆಯಲ್ಲಿದ್ದ ವರ್ಗೀಕರಣ ಪದ್ಧತಿಗಳಲ್ಲಿ ವಿಷಯಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿ, ಬಂದ ಪುಸ್ತಕವನ್ನು ಅದರಲ್ಲಿನ ಯಾವುದಾದರೊಂದು ಗೂಡಿನಲ್ಲಿ ಇರಿಸುತ್ತಿದ್ದರು. ಹೊಸ ವಿಷಯ ಹುಟ್ಟಿದರೆ ಅದಕ್ಕೆ ಗೂಡೇ ಇರುತ್ತಿರಲಿಲ್ಲ. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆಯನ್ನು ರಂಗನಾಥನ್ ಅವರು ನೋಡಿದ್ದರು. ಕೆಲವೇ ಬಗೆಯ ಪಟ್ಟಿಗಳು, ಗಾಲಿಗಳು ಮತ್ತು ತಿರುಪುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಹತ್ತಾರು ಆಟದ ಸಾಮಾನುಗಳನ್ನು ಅದರಿಂದ ಮಾಡಬಹುದಾಗಿತ್ತು. ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಸಿ ಜೋಡಿಸಬಾರದೇಕೆ ಎಂಬ ಆಲೋಚನೆ ಅವರಿಗೆ ಹೊಳೆಯಿತು. ತಿರುಪಿನ ಸ್ಥಾನದಲ್ಲಿ ಅವರು ಕೋಲನ್ ಎಂಬ ಎರಡು ಚುಕ್ಕೆಗಳ ಚಿಹ್ನೆಯನ್ನು ಬಳಸಿದರು. ಈ ಕೋಲನ್ ವರ್ಗೀಕರಣ ಪದ್ಧತಿಯು ೧೯೩೩ರಲ್ಲಿ ಪುಸ್ತಕರೂಪವಾಗಿ ಹೊರಬಂದಿತು.

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬೆಳೆಗೆ ತಗಲುವ ರೋಗವನ್ನು ತಡೆಗಟ್ಟುವ ಬಗ್ಗೆ ಒಂದು ಪುಸ್ತಕವಿದೆಯೆಂದು ಭಾವಿಸೋಣ. ವ್ಯವಸಾಯವು ಅದರ ಮೂಲ ವಿಷಯ, ಶೇಂಗಾ ಎಂಬುದು ಬೆಳೆ, ರೋಗ ಎಂಬುದು ಸಮಸ್ಯೆ, ತಡೆಗಟ್ಟುವುದು ಕ್ರಿಯೆ, ಚಳ್ಳಕೆರೆ ಎಂಬುದು ಸ್ಥಳ. ಈ ಅಂಶಗಳಿಗೆ ಪ್ರತ್ಯೇಕ ಸಂಕೇತಗಳನ್ನು ಕೊಟ್ಟು ಜೋಡಿಸಿದರೆ ಪುಸ್ತಕದ ನೆಲೆ ಖಚಿತವಾಗುತ್ತದೆ. ಬೆಳೆಯನ್ನು ಹಿಡಿದು ಹುಡುಕುವ ರೈತನಿಗೂ, ರೋಗವನ್ನು ಹಿಡಿದು ಹುಡುಕುವ ವಿಜ್ಞಾನಿಗೂ, ಸ್ಥಳವನ್ನು ಹಿಡಿದು ಹುಡುಕುವ ಅಧಿಕಾರಿಗೂ ಅದೇ ಪುಸ್ತಕದತ್ತ ದಾರಿ ತೋರಿಸಬಹುದು. ಇಂದು ಗಣಕಯಂತ್ರದಲ್ಲಿ ವಿಷಯ, ಭಾಷೆ, ಕಾಲ, ಸ್ಥಳ ಎಂದು ಆರಿಸುತ್ತ ಹೋಗಿ ಬೇಕಾದುದನ್ನು ಪಡೆಯುವ ಕ್ರಮದ ಹಿಂದೆಯೂ ಇದೇ ಬಗೆಯ ತತ್ತ್ವವಿದೆ.

ಪಟ್ಟಣದ ಗ್ರಂಥಾಲಯವು ಎಷ್ಟು ಅಚ್ಚುಕಟ್ಟಾಗಿದ್ದರೂ ಹಳ್ಳಿಯವರಿಗೆ ಅದರಿಂದೇನು ಪ್ರಯೋಜನ? ೧೯೩೧ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗುವ ಸಂಚಾರಿ ಗ್ರಂಥಾಲಯವು ಆರಂಭವಾಯಿತು. ಇಂಥ ಪ್ರಯತ್ನಗಳಿಗೆ ರಂಗನಾಥನ್ ಅವರ ಪ್ರೋತ್ಸಾಹ ಸದಾ ಇತ್ತು. ಆದರೆ ದಾನಿಗಳ ಔದಾರ್ಯದಿಂದ ಹುಟ್ಟಿದ ಗ್ರಂಥಾಲಯವು ಆ ಔದಾರ್ಯ ಬತ್ತಿದಾಗ ಮುಚ್ಚಿಹೋಗುವುದನ್ನು ಅವರು ಕಂಡಿದ್ದರು. ಶಾಲೆಗೆ ಇರುವಂತೆ ಗ್ರಂಥಾಲಯಕ್ಕೂ ಕಾನೂನಿನ ಆಸರೆ ಬೇಕು, ಅದಕ್ಕೆಂದೇ ಮೀಸಲಾದ ಹಣ ಬೇಕು, ತರಬೇತಿ ಪಡೆದ ಸಿಬ್ಬಂದಿ ಬೇಕು ಎಂಬುದು ಅವರ ದೃಢವಾದ ನಿಲುವು. ೧೯೩೦ರಲ್ಲಿ ಕಾಶಿಯಲ್ಲಿ ಸೇರಿದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ಮಂಡಿಸಿದರು. ಅದರ ಆಧಾರದ ಮೇಲೆ ಮದ್ರಾಸು ಪ್ರಾಂತದ ಶಾಸನಸಭೆಯ ಮುಂದೆ ಬಂದ ಮಸೂದೆಯು ಅಂಗೀಕಾರವಾಗಲಿಲ್ಲ. ಅವರು ಎದೆಗುಂದಲಿಲ್ಲ, ತಿದ್ದಿ ಬರೆದರು, ಮತ್ತೆ ಕೇಳಿದರು, ಸಚಿವರಿಂದ ಸಚಿವರಿಗೆ ಅಲೆದರು. ಹದಿನೆಂಟು ವರ್ಷಗಳ ಬಳಿಕ, ೧೯೪೮ರಲ್ಲಿ, ಸ್ವತಂತ್ರ ಭಾರತದ ಪ್ರಥಮ ಸಾರ್ವಜನಿಕ ಗ್ರಂಥಾಲಯ ಕಾನೂನು ಮದ್ರಾಸಿನಲ್ಲಿ ಅಂಗೀಕಾರವಾಯಿತು.

ಕಾನೂನು ಎಂದರೆ ಏನೆಂಬುದನ್ನು ಮೊಳಕಾಲ್ಮೂರಿನ ಗಡಿಯಲ್ಲಿ ನಿಂತು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಆಗ ಬಳ್ಳಾರಿ ಜಿಲ್ಲೆಯೂ ಅದರ ರಾಯದುರ್ಗವೂ ಮದ್ರಾಸು ಪ್ರಾಂತಕ್ಕೆ ಸೇರಿದ್ದುವು; ಮೊಳಕಾಲ್ಮೂರು, ಚಳ್ಳಕೆರೆಗಳು ಮೈಸೂರಿಗೆ ಸೇರಿದ್ದುವು. ಆಚೆಯ ಹೊಲದಲ್ಲಿಯೂ ಈಚೆಯ ಹೊಲದಲ್ಲಿಯೂ ಅದೇ ಶೇಂಗಾ, ಅದೇ ಸಜ್ಜೆ, ಅದೇ ಮಳೆಯಿಲ್ಲದ ಆಕಾಶ. ಆದರೆ ಗಡಿಯ ಆಚೆಗೆ ಗ್ರಂಥಾಲಯವು ಕಾನೂನಿನ ವ್ಯವಸ್ಥೆಯಾಗಿತ್ತು. ಈಚೆಗೆ ಅದು ಇನ್ನೂ ಸದಿಚ್ಛೆಯ ಮಾತಾಗಿತ್ತು.

೧೯೪೪ರಲ್ಲಿ ಮದ್ರಾಸನ್ನು ಬಿಟ್ಟ ರಂಗನಾಥನ್ ಅವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೊಬ್ಬರೇ ವರ್ಗೀಕರಿಸಿ ಸೂಚಿಗೆ ಏರಿಸಿದರು. ೧೯೪೭ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಬಂದು ಗ್ರಂಥಾಲಯ ವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಬುನಾದಿ ಹಾಕಿದರು. ೧೯೫೦ರಲ್ಲಿ ಅವರು ಇಡೀ ಭಾರತಕ್ಕೆ ಅನ್ವಯಿಸುವ ಮೂವತ್ತು ವರ್ಷಗಳ ಗ್ರಂಥಾಲಯ ಯೋಜನೆಯನ್ನು, ಕೇಂದ್ರ ಮತ್ತು ರಾಜ್ಯಗಳ ಮಸೂದೆಗಳ ಕರಡಿನೊಡನೆ, ದೇಶದ ಮುಂದಿಟ್ಟರು. ರಾಷ್ಟ್ರದಿಂದ ಹಳ್ಳಿಯವರೆಗಿನ ಗ್ರಂಥಾಲಯಗಳು ಒಂದೇ ಮರದ ಬೇರು, ಕಾಂಡ, ಕೊಂಬೆಗಳಂತೆ ಕೂಡಿಕೊಂಡಿರಬೇಕೆಂಬುದು ಅವರ ಕನಸು. ಸಣ್ಣ ಹಳ್ಳಿಯ ಓದುಗನೊಬ್ಬ ಕೇಳಿದ ಪುಸ್ತಕವು ದೇಶದ ಯಾವ ಮೂಲೆಯಲ್ಲಿದ್ದರೂ ಅವನ ಕೈ ಸೇರಬೇಕು. ಆ ಯೋಜನೆಯನ್ನು ದೇಶವು ಇಡಿಯಾಗಿ ಕೈಗೊಳ್ಳಲಿಲ್ಲ. ಕೇಂದ್ರದ ಕಾನೂನು ಬರಲೇ ಇಲ್ಲ. ಆದರೆ ರಾಷ್ಟ್ರಕ್ಕೆಲ್ಲ ಒಂದು ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆ ಸಾಧ್ಯವೆಂಬುದನ್ನು ಅದು ಲೆಕ್ಕಹಾಕಿ ತೋರಿಸಿಕೊಟ್ಟಿತು.

ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಕೆಲಕಾಲವಿದ್ದು ಗ್ರಂಥರಚನೆ ಮಾಡಿದ ಅವರು ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದರು. ೧೯೬೨ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಮೈಸೂರು ರಾಜ್ಯದ ಗ್ರಂಥಾಲಯ ಕಾನೂನಿಗೂ ಅವರ ಚಿಂತನೆಯೇ ತಳಹದಿಯಾಯಿತು. ೧೯೬೫ರ ಆ ಅಧಿನಿಯಮವು ೧೯೬೬ರ ನವೆಂಬರ್ ೧ರಿಂದ ಜಾರಿಗೆ ಬಂದಿತು. ಅದರಂತೆ ಪ್ರತ್ಯೇಕ ಗ್ರಂಥಾಲಯ ಇಲಾಖೆಯು ರೂಪುಗೊಂಡಿತು. ಮನೆಗಳ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೆಂಬ ಸಣ್ಣ ಮೊತ್ತವನ್ನು ಸಂಗ್ರಹಿಸುವ ಏರ್ಪಾಡಾಯಿತು. ಮೊಳಕಾಲ್ಮೂರಿನ ಗಡಿಯ ಈಚೆಗೂ ಗ್ರಂಥಾಲಯವು ಪ್ರಜೆಯ ಹಕ್ಕೆಂಬ ಮಾತಿಗೆ ಹೀಗೆ ಬಲ ಬಂದಿತು.

ರಂಗನಾಥನ್ ಅವರ ಬದುಕು ತೀರ ಸರಳವಾಗಿತ್ತು. ಉಡುಗೆಯಲ್ಲಿ ಆಡಂಬರವಿಲ್ಲ, ಊಟದಲ್ಲಿ ವಿಲಾಸವಿಲ್ಲ. ಹೀಗೆ ಉಳಿಸಿದ ಹಣದಿಂದ ಒಂದು ಲಕ್ಷ ರೂಪಾಯಿಗಳನ್ನು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರೂ ಸೇರಿದ ಗ್ರಂಥಾಲಯ ವಿಜ್ಞಾನ ಪೀಠವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿಯೂ ಅದೇ ಹೆಸರಿನ ದತ್ತಿಯೊಂದನ್ನು ಏರ್ಪಡಿಸಿದರು. ೧೯೫೭ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ೧೯೬೫ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರೆಂಬ ಗೌರವವೂ ಅವರಿಗೆ ಸಂದುವು. ೧೯೭೨ರ ಸೆಪ್ಟೆಂಬರ್ ೨೭ರಂದು, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು.

ಅವರು ತೀರಿಕೊಂಡ ಮೇಲೆ ಪುಸ್ತಕದ ರೂಪವೇ ಬದಲಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರಗಳಾಗಿ ಗಣಕಯಂತ್ರಕ್ಕೆ ಇಳಿಸುವ ದೊಡ್ಡ ಕಾರ್ಯ ನಡೆಯಿತು. ಅದೇ ಸಂಸ್ಥೆಯ ಇನ್ನೊಂದು ಆವರಣ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ೨೦೧೮ರ ಜೂನ್ ೧೯ರಂದು ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯು ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ದೇಶಕ್ಕೆ ಸಮರ್ಪಿತವಾಯಿತು. ೨೦೧೯ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಲಾಯಿತು; ಅವು ಮುಂದೆ ಅರಿವು ಕೇಂದ್ರಗಳೆನಿಸಿದುವು. ೨೦೨೦ರಲ್ಲಿ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು. ೨೦೨೩ರ ಕೇಂದ್ರ ಮುಂಗಡಪತ್ರದಲ್ಲಿ ಮಕ್ಕಳಿಗಾಗಿಯೂ ಹದಿಹರೆಯದವರಿಗಾಗಿಯೂ ಒಂದು ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಸ್ಥಾಪಿಸುವುದಾಗಿ ಘೋಷಿಸಲಾಯಿತು. ಅದನ್ನು ಬಳಸಲು ಅನುವಾಗುವಂತೆ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳನ್ನು ತೆರೆಯಲು ರಾಜ್ಯಗಳನ್ನು ಪ್ರೋತ್ಸಾಹಿಸುವ ಮಾತೂ ಅದರಲ್ಲಿತ್ತು. ೧೯೫೦ರ ಯೋಜನೆಯ ಕನಸು ಹೊಸ ಉಪಕರಣದೊಡನೆ ಮರಳಿ ಬಂದಿದೆ ಎನ್ನಬಹುದು.

ಉಪಕರಣವು ಹೊಸದಾದರೂ ಪ್ರಶ್ನೆಗಳು ಹಳೆಯವೇ. ಕನ್ನಡ ಪುಸ್ತಕದ ಪುಟವನ್ನು ಕೇವಲ ಚಿತ್ರವಾಗಿ ಸೇರಿಸಿದರೆ ಅದರ ಅಕ್ಷರಗಳು ಯಂತ್ರಕ್ಕೆ ತಿಳಿಯುವುದಿಲ್ಲ; ಅದರೊಳಗಿನ ಒಂದು ಪದವನ್ನೂ ಹುಡುಕಲಾಗುವುದಿಲ್ಲ. ಲಿಪಿ ಮರೆತ ಕಾಲದ ಬ್ರಹ್ಮಗಿರಿಯ ಬಂಡೆಯಂತೆ ಅದು ಎದುರಿಗಿದ್ದೂ ಮೂಕವಾಗಿರುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಊರು ವೆಂಕಣ್ಣಯ್ಯ, ಶಾಮರಾಯ, ಸುಬ್ಬರಾಯರಂಥ ಸಾಹಿತಿಗಳ ಮನೆತನದ ನೆಲೆ. ಒಂದು ಕಡೆ ತ. ರಾ. ಸು. ಎಂದೂ, ಮತ್ತೊಂದು ಕಡೆ ತ. ರಾ. ಸುಬ್ಬರಾಯ ಎಂದೂ ಬರೆದು, ಎರಡೂ ಒಬ್ಬರೇ ಎಂದು ಸೂಚಿಸದಿದ್ದರೆ ಅವರ ಊರಿನ ಹುಡುಗನಿಗೇ ಅವರ ಅರ್ಧ ಪುಸ್ತಕಗಳು ಕಾಣದೆ ಹೋಗಬಹುದು. ಪುಸ್ತಕ ತೆರೆಯುವ ಉಪಕರಣ ಮನೆಯಲ್ಲಿಲ್ಲದವರಿಗೆ ಅದು ದೊರೆಯುವುದೆಲ್ಲಿ? ಹೇಗೆ ಹುಡುಕಬೇಕೆಂದು ತಿಳಿಯದ ಮುದುಕಿಗೆ ತೋರಿಸಿಕೊಡುವವರಾರು? ಆದ್ದರಿಂದ ಡಿಜಿಟಲ್ ಗ್ರಂಥಾಲಯಕ್ಕೂ ಸರಿಯಾದ ಸೂಚಿ ಬೇಕು, ಊರಿನಲ್ಲಿ ತೆರೆದ ಒಂದು ಕೊಠಡಿ ಬೇಕು, ಅಲ್ಲಿ ಅಕ್ಕರೆಯುಳ್ಳ ಗ್ರಂಥಪಾಲರು ಬೇಕು, ಇವೆಲ್ಲವೂ ವರ್ಷವರ್ಷವೂ ನಡೆಯಲು ಕಾನೂನಿನಿಂದ ಬರುವ ಹಣ ಬೇಕು. ರಂಗನಾಥನ್ ಅವರು ಕಾಗದದ ಪುಸ್ತಕಗಳ ಕಾಲದಲ್ಲಿ ಕೇಳಿದ್ದೂ ಇದನ್ನೇ.

ಆಗಸ್ಟ್ ೧೨ನೆಯ ದಿನವನ್ನು ಅವರ ನೆನಪಿಗಾಗಿ ಗ್ರಂಥಪಾಲಕರ ದಿನವೆಂದು ದೇಶವು ಆಚರಿಸುತ್ತದೆ. ಆದರೆ ಬೀಗ ಹಾಕಿದ ಗ್ರಂಥಾಲಯದ ಗೋಡೆಯ ಮೇಲೆ ಅವರ ಭಾವಚಿತ್ರವನ್ನು ತೂಗುಹಾಕಿದರೆ ಅವರನ್ನು ಗೌರವಿಸಿದಂತಾಗುವುದಿಲ್ಲ. ಊರಿನ ಗ್ರಂಥಾಲಯಕ್ಕೆ ಹೋಗಿ ಬೇಕಾದ ಪುಸ್ತಕವನ್ನು ಕೇಳುವ ವಿದ್ಯಾರ್ಥಿಯೂ, ಅದು ಅಲ್ಲಿಲ್ಲದಿದ್ದರೆ ಎಲ್ಲಿಂದಲಾದರೂ ತರಿಸಿಕೊಡುವ ಗ್ರಂಥಪಾಲರೂ ಆ ಮಹನೀಯರ ಕೆಲಸವನ್ನು ಮುಂದುವರಿಸುವವರು.